ಸುಣ್ಣದ ಸೀ ಲಝರ್

ಟ್ಯುನೀಷಿಯಾದ ನಮ್ಮ ಪುಟ್ಟ ಪುರಸಭೆಯಲ್ಲಿ ಬೆರಳಚ್ಚು ಮಾಡುವ ನಾನು, ಹೆಂಗಸರ ‘ಮುಟ್ಟು’ ಎಂಬ ಪದ ಬಂದರೆ ನಾಚಿಕೆಗೆ ಕಣ್ಣು ಮುಚ್ಚಿ ಕುಟ್ಟುವ ಶೂರ. ಆದರೂ ಬಜೆಟ್ ಸಮಿತಿಯ ಅಧ್ಯಕ್ಷ ಸೀ ಲಝರ್ (‘ಸೀ’ ಎಂದರೆ ನಮ್ಮಲ್ಲಿ ‘ಶ್ರೀ’ ಇದ್ದಂತೆ) ಅವರ ಮುಂದೆ ನಾನು ಏನೇನೂ ಅಲ್ಲ. ಆ ಪದ ಕಿವಿಗೆ ಬಿದ್ದರೆ ಅವರಿಗೆ ಕೆಮ್ಮು, ಕಿಟಕಿಯ ಪಾರಿವಾಳಗಳು ಹಾರಿಹೋಗುವಂಥ ಕೆಮ್ಮು. ಇದ್ದಬದ್ದ ಹಣವೆಲ್ಲ ಅವರಿಗೆ ಸುಣ್ಣಕ್ಕೇ ಬೇಕು. ಪ್ರಾಂತ್ಯದ ಗವರ್ನರ್ ಬರುತ್ತಾರೆಂದರೆ ರಸ್ತೆಯಂಚಿನ ಕಲ್ಲಿಗೆ, ಆಲಿವ್ ಮರದ ಬುಡಕ್ಕೆ, ಅಲ್ಲಾಡದೆ ನಿಂತಿದ್ದರೆ ಕತ್ತೆಗೂ ಬಳಿಸುತ್ತಾರೆ. “ಊರಿನ ಮರ್ಯಾದೆ ಇರೋದೇ ಸುಣ್ಣದಲ್ಲಿ ಕಣ್ರಯ್ಯಾ!” ಶಾಲೆಯ ಮಕ್ಕಳಿಗೆ ದೇಹ ಬೆಳೆಯುವ ಬಗ್ಗೆ ಪಾಠ ಬೇಕೆಂದು ನರ್ಸ್ ರಾಧಿಯಾ ಪ್ರತಿ ವರ್ಷ ಕೇಳುತ್ತಾಳೆ, ಇವರು ಪ್ರತಿ ವರ್ಷ ಕೆಮ್ಮುತ್ತಾರೆ. ಈ ಸಲದ ಸಮಿತಿ ಸಭೆಯಲ್ಲಿ ಅವಳು ಬಿಡಲಿಲ್ಲ. “ಚಿಕ್ಕಪ್ಪಾ, ಮೊದಲ್ನೇ ಸಲ ಮುಟ್ಟಾದ ಹುಡುಗೀರು ಸತ್ತೇಹೋಗ್ತೀವಿ ಅಂತ ಅಳ್ತಾ ಓಡ್ಬರ್ತಾರೆ. ನೀವು ಕಲ್ಲಿಗೆ ಸುಣ್ಣ ಬಳೀತಾ ಕೂತಿದ್ದೀರಿ!” ಕೆಮ್ಮು ಅರ್ಧಕ್ಕೇ ನಿಂತಿತು. “ತಾಯಿಲ್ಲದ ನನ್ನ ಮಗಳೂ ಹಂಗೇ ಅತ್ಲಮ್ಮಾ,” ಎಂದರು ಮೆಲ್ಲಗೆ. “ನಂಗೇನ್ ಗೊತ್ತು? ಕೆಮ್ಮಿನ ಔಷಧಿ ಕುಡಿಸ್ದೆ.” ಯಾರೂ ನಗಲಿಲ್ಲ. ಅವರು ನನ್ನತ್ತ ತಿರುಗಿದರು: “ಬರ್ಕೊಳ್ಳಯ್ಯಾ, ಈ ವರ್ಷ ಸುಣ್ಣ ಇಲ್ಲ, ಪಾಠ. ಏನ್ ಪಾಠ ಅಂತಾನೂ ಬರಿ. ಕಣ್ ಬಿಟ್ಕೊಂಡು ಬರಿ.”