ರೈಟ್ ಅಂದರೆ ಬಲಗಡೆಯಲ್ಲ

ಕಳೆದ ಶನಿವಾರ ಶಿವಾಜಿನಗರದಲ್ಲಿ ಚಪ್ಪಲಿ ಹೊಲಿಸಲು ನಿಂತಿದ್ದಾಗ, ಅಂಗಡಿಯಲ್ಲಿ ನೇತುಹಾಕಿದ್ದ ಹಳೆಯ ಚರ್ಮದ ಚೀಲವೊಂದರ ವಾಸನೆ ಮೂಗಿಗೆ ಬಡಿಯಿತು. ವರ್ಷಗಟ್ಟಲೆ ಬೆವರು ಕುಡಿದ ಚರ್ಮ. ಅದಕ್ಕೆ ಒಂದಿಷ್ಟು ನಿಂಬೆಹಣ್ಣಿನ ಹುಳಿ ಸೇರಿದ್ದರೆ ನಮ್ಮ ಕೋಚ್ ಎದುರಿಗೇ ಬಂದು ನಿಂತಂತಾಗುತ್ತಿತ್ತು...

ಹೊಟ್ಟೆಪಾಡಿಗೆ ಅವರು ಬಸ್ ಕಂಡಕ್ಟರ್. ಶಿವಾಜಿನಗರದಿಂದ ಹಲಸೂರಿನ ಮೇಲೆ ಕೃಷ್ಣರಾಜಪುರಕ್ಕೆ ಹೋಗುವ ಬಸ್ಸು. ಡ್ಯೂಟಿ ಮುಗಿದ ಮೇಲೆ ಜೋಗುಪಾಳ್ಯದ ನಮ್ಮ ಫುಟ್‌ಬಾಲ್ ತಂಡಕ್ಕೆ ಸರ್ವಾಧಿಕಾರಿ. ಟಿಕೆಟ್ಟಿನ ಚರ್ಮದ ಚೀಲದಲ್ಲೇ ಗಾಳಿಪಂಪು, ಹಾಫ್‌ಟೈಮಿಗೆ ಹೆಚ್ಚಿದ ನಿಂಬೆಹಣ್ಣು. ಮಂಡಿ ಹಾಳಾಗಿ ಆಟ ಬಿಟ್ಟಿದ್ದ ನಾನು ಸಹಾಯಕ ಕೋಚ್, ಅಂದರೆ ನಿಂಬೆಹಣ್ಣು ಹೆಚ್ಚುವ ಇಲಾಖೆಯ ಮುಖ್ಯಸ್ಥ.

ಮೈದಾನವೂ ಅವರಿಗೆ ಬಸ್ಸೇ. ಚೆಂಡನ್ನು ತಡೆದು ನಿಲ್ಲಿಸಬೇಕಾದರೆ "ಹೋಲ್ಡಾನ್!" ಮುನ್ನುಗ್ಗಬೇಕಾದರೆ "ರೈಟ್, ರೈಟ್!" ಹನ್ನೊಂದು ಜನ ಡ್ರೈವರುಗಳು, ಕಂಡಕ್ಟರ್ ಮಾತ್ರ ಒಬ್ಬರೇ. ಆ ಒಂದೇ ಗಂಟಲಿನಿಂದ ಡಿಫೆನ್ಸಿಗೆ ಬೈಯಬೇಕು, ರೆಫರಿಯ ಜೊತೆ ಜಗಳ ಕಾಯಬೇಕು, ದಾಳಿಯನ್ನೂ ನಡೆಸಬೇಕು. ಅವರ ಹೋಲ್ಡಾನ್ ತಲುಪುವಷ್ಟರಲ್ಲಿ ಚೆಂಡು ಎರಡು ಸ್ಟಾಪು ದಾಟಿರುತ್ತಿತ್ತು.

ಮುಖ್ಯ ಕೋಚ್ ದಾಳಿಯ ಉಸ್ತುವಾರಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕೇ ಬೇಡವೇ ಎಂಬ ರಾಷ್ಟ್ರೀಯ ಮಹತ್ವದ ಪ್ರಶ್ನೆಯನ್ನು ನಾನು ಇಡೀ ಒಂದು ವರ್ಷ ಮಂಡಿಸಿದೆ. ಮಂಡಿ ಹೋದವನಿಗೆ ಆಡಲು ಉಳಿದಿದ್ದ ಆಟ ಅದೊಂದೇ...

"ಒಂದ್ ಬಸ್ಸಿಗೆ ಇಬ್ರು ಕಂಡಕ್ಟರ್ ಇರ್ತಾರೇನಯ್ಯಾ?"

"ಡಿಫೆನ್ಸ್ ನೀವೇ ನೋಡ್ಕೊಳ್ಳಿ ಸಾರ್. ಅಟ್ಯಾಕ್ ಮಾತ್ರ ನಂಗೆ ಬಿಡಿ."

"ಮೊದ್ಲು ಬೀಜ ತೆಗ್ದು ನಿಂಬೆಹಣ್ಣು ಹೆಚ್ಚೋದು ಕಲಿ. ಆಮೇಲ್ ನೋಡಣ."

ಕೊನೆಗೆ ಅವರ ಮನಸ್ಸನ್ನು ಒಲಿಸಿದ್ದು ನನ್ನ ವಾದವಲ್ಲ, ಅವರ ಗಂಟಲು. ಆ ವರ್ಷದ ಫೈನಲ್‌ನಲ್ಲಿ ಹಾಫ್‌ಟೈಮಿಗೆ ನಾವು ಒಂದು ಗೋಲು ಹಿಂದೆ, ಅವರ ದನಿ ಪೂರ್ತಿ ಒಡೆದಿತ್ತು. "ತಗೋ, ಅಟ್ಯಾಕ್ ನಿಂದು. ಇನ್ ನಾನು ಬಾಯ್ ಬಿಡಲ್ಲ" ಎಂದು ಒಂದು ನಿಂಬೆ ಹೋಳನ್ನು ಬಾಯಿಗೆ ತುರುಕಿಕೊಂಡು ಕೂತರು. ನಾನು ಹುಡುಗರನ್ನು ಸುತ್ತ ಸೇರಿಸಿ ಹೊಸ ಸಂವಿಧಾನ ಜಾರಿಗೆ ತಂದೆ: "ಇನ್ಮೇಲೆ ಲೆಫ್ಟ್ ಅಂದ್ರೆ ಎಡಗಡೆ, ರೈಟ್ ಅಂದ್ರೆ ಬಲಗಡೆ. ಬಸ್ ಭಾಷೆ ಬಂದ್."

"ಅಬ್ಬಾ, ಈಗ ಮನುಷ್ಯರ ಭಾಷೆ ಆಯ್ತು ಗುರು!" ಎಂದ ನಮ್ಮ ಫಾರ್ವರ್ಡ್.

ನಾನು ಕರೆದಂತೆ ಆಡಿ ಗೋಲು ಸಮ ಮಾಡಿದರು. ಕೋಚ್ ಕಣ್ಣಲ್ಲಿ ನೀರು, ಹುಳಿಗೋ, ಮೌನಕ್ಕೋ. ಆಟ ಮುಗಿಯಲು ಇನ್ನೇನು ಎರಡೋ ಮೂರೋ ನಿಮಿಷ ಇದ್ದಾಗ ಚೆಂಡು ನಮ್ಮ ಫಾರ್ವರ್ಡ್ ಕಾಲಿಗೆ ಸಿಕ್ಕಿತು. ಎದುರಾಳಿ ಗೋಲ್‌ಕೀಪರ್ ಮುಗ್ಗರಿಸಿ ಬಿದ್ದಿದ್ದ. ಎದುರಿಗೆ ಖಾಲಿ ಗೋಲು. ನಾನು ತುಟಿ ಬಿಚ್ಚಲಿಲ್ಲ, ಬಿಚ್ಚುವ ಅಗತ್ಯವೇ ಇರಲಿಲ್ಲ. ಪಕ್ಕದಲ್ಲಿ ನಿಂಬೆ ಹೋಳು ನೆಲಕ್ಕೆ ಬಿತ್ತು, ಹಿಂದೆಯೇ ಕೋಚ್ ಒಡೆದ ದನಿ:

"ರೈಟ್! ರೈಟ್!"

ಹುಡುಗ ಹೊಸ ಸಂವಿಧಾನಕ್ಕೆ ನಿಷ್ಠನಾಗಿ ಚೆಂಡನ್ನು ಬಲಗಡೆಗೆ ಕೊಟ್ಟ. ಅಲ್ಲಿ ಬಾವುಟ ಹಿಡಿದ ಲೈನ್ಸ್‌ಮನ್ ಬಿಟ್ಟರೆ ಯಾರೂ ಇರಲಿಲ್ಲ, ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಆ ಥ್ರೋ-ಇನ್‌ನಿಂದಲೇ ಎದುರಾಳಿಗಳು ಹೋಗಿ ಗೋಲು ಹೊಡೆದರು.

"ಹೋಗು ಅಂದಿದ್ದು ಕಣೋ! ಹೋಗು ಅಂತ!" ಎಂದು ಕೋಚ್ ಕೂಗಿದರು. ಹುಡುಗ ನನ್ನತ್ತ ಕೈ ತೋರಿಸಿದ. "ರೈಟ್ ಅಂದ್ರೆ ಬಲಗಡೆ ಅಂತ ಇವ್ರೇ ಹೇಳಿದ್ರಲ್ಲಣ್ಣಾ..."

"ಒಂದ್ ನಿಂಬೆಹಣ್ ಚೀಪೋ ಅಷ್ಟ್ ಹೊತ್ತು ನನ್ನ ನಂಬೋಕಾಗ್ಲಿಲ್ವಾ ಸಾರ್?" ಎಂದೆ. ನಾನು ತಂಡ ಬಿಟ್ಟೆ.

ಆದರೆ ಆಫೀಸಿಗೆ ಹೋಗಲು ಹಲಸೂರಿನ ಸ್ಟಾಪು ಬಿಡುವಂತಿರಲಿಲ್ಲ. ದಿನಾ ಬೆಳಿಗ್ಗೆ ಅವರ ಬಸ್ಸು ಬರುತ್ತಿತ್ತು, ನಾನು ದಿನಾ ಅದಕ್ಕೆ ಹತ್ತದೆ, ಮುಖ ತಿರುಗಿಸಿ ಬೇಕರಿಯ ಬೋರ್ಡು ಓದುತ್ತಿದ್ದೆ. ಹತ್ತುವವರೆಲ್ಲ ಹತ್ತಿದ ಮೇಲೂ ಅವರು ಬಾಗಿಲಲ್ಲಿ ನಿಂತು "ಹೋಲ್ಡಾನ್" ಎನ್ನುತ್ತಿದ್ದರು. ಒಳಗಿನಿಂದ ಯಾರೋ, "ರೀ ಕಂಡಕ್ಟರ್, ಯಾರಿಗ್ರೀ ಕಾಯ್ತಿದೀರಾ?" ಎಂದು ರೇಗುವವರೆಗೆ. ಆಮೇಲೆ ಮೆಲ್ಲಗೆ, "ರೈಟ್." ಎಷ್ಟು ತಿಂಗಳು ಹೀಗೆ ನಡೆಯಿತೋ... ಒಂದು ಬೆಳಿಗ್ಗೆ ಬಾಗಿಲಲ್ಲಿ ಬೇರೆ ಕಂಡಕ್ಟರ್ ಇದ್ದ. ಅಂದು ಹತ್ತಿದೆ, ಕೇಳಿದೆ. "ಅವ್ರಾ? ಹೋಗ್ಬಿಟ್ರಲ್ಲ ಸಾರ್, ಹಾರ್ಟ್ ಅಟ್ಯಾಕು" ಎಂದ.

ಈಗ ಮಹದೇವಪುರದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಒಂದು ಹೆಣ್ಣುಮಕ್ಕಳ ತಂಡಕ್ಕೆ ನಾನು ಕೋಚ್. ದಾಳಿಯನ್ನು ತನಗೆ ಬಿಡಿ ಎಂದು ನನ್ನ ಸಹಾಯಕಿ ಆರು ತಿಂಗಳಿಂದ ಕೇಳುತ್ತಿದ್ದಳು. ನಾನು ಆರು ತಿಂಗಳಿಂದ ಘನಗಂಭೀರ ಕಾರಣಗಳನ್ನು ಕೊಡುತ್ತಿದ್ದೆ. ಆ ಚೀಲದ ವಾಸನೆಯ ಮರುದಿನ, ಭಾನುವಾರ, ಬಿಟ್ಟುಕೊಟ್ಟೆ. ಒಂದು ನಿಂಬೆ ಹೋಳು ಬಾಯಿಗಿಟ್ಟುಕೊಂಡೆ. ಕೊನೆಯ ನಿಮಿಷದಲ್ಲಿ ನಮ್ಮ ಹುಡುಗಿ ಗೋಲಿನ ಎದುರು ಚೆಂಡು ಕಾಲಿಗೆ ಸಿಕ್ಕಿ ತಡವರಿಸಿದಳು. "ರೈಟ್" ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಹೋಳನ್ನು ಬೀಜದ ಸಮೇತ ನುಂಗಿಬಿಟ್ಟೆ. ಚೆಂಡು ಗೋಲ್‌ಪೋಸ್ಟಿನ ಮೇಲೆ ಹಾರಿಹೋಯಿತು, ಸೋತೆವು.

"ನೀವಾದ್ರೂ ಒಂದ್ ಮಾತು ಕೂಗ್ಬಾರ್ದಿತ್ತಾ ಸಾರ್?" ಎಂದು ಸಹಾಯಕಿ ನನ್ನ ಮೇಲೇ ಸಿಡುಕಿದಳು.

ಬಾಯಿ ಮುಚ್ಚಿಕೊಂಡು ನಿಲ್ಲುವುದು ಎಷ್ಟು ಕಷ್ಟ ಎಂದು ಹೇಳಿಕೊಳ್ಳಲು ನನಗಿದ್ದವರು ಒಬ್ಬರೇ. ಅವರು ದಿನಾ ಬಸ್ಸು ನಿಲ್ಲಿಸಿಕೊಂಡು ಕಾದರು... ನಾನು ಬೋರ್ಡು ಓದುತ್ತಿದ್ದೆ.