ಗಂಟು ಬಿಟ್ಟ ಬಿಲ್ಲು

ಡಿಗ್ರಿ ಮುಗಿದ ಮೇಲೆ ಹೊನ್ನಾವರದ ಕಾಲೇಜಿನ ಬಿಲ್ಲನ್ನು ಕಾಲೇಜಿಗೇ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಬಂದೆ. ಮಳೆಗಾಲ ಕಳೆದರೆ ಕುಮಟೆಯಲ್ಲಿ ಬಿಲ್ಲುಗಾರಿಕೆಯ ಜಿಲ್ಲಾ ತಂಡದ ಆಯ್ಕೆ. ಮರದ ಬಿಲ್ಲಾದರೂ ನಡೆಯುತ್ತದೆ, ಆದರೆ ಸ್ವಂತದ್ದು ತರಬೇಕು ಎಂದಿದ್ದರು. ಮುಂದಿನ ವರ್ಷ ನನ್ನ ವಯಸ್ಸು ಮೀರುತ್ತಿತ್ತು. ಹೋದರೆ ಈ ಸಲವೇ ಹೋಗಬೇಕು.

ಅಪ್ಪ ತೆಂಗಿನಗುಂಡಿಯಲ್ಲಿ ದೋಣಿ ಕಟ್ಟುವ ಬಡಗಿ. ಹುಟ್ಟು ಮಾಡಲೆಂದು ತಂದಿಟ್ಟ ದಡಸಲು ಮರದ ಮೂರು ಸೀಳು ಮನೆಯ ಹಿಂದಿದ್ದವು. ಸುಲಭಕ್ಕೆ ಮುರಿಯದ ಮರ ಅದು. ಆದರೆ ಒಂದೊಂದು ಸೀಳಿನಲ್ಲೂ, ಕೊಂಬೆ ಒಡೆದಿದ್ದ ಜಾಗದಲ್ಲಿ, ಕಪ್ಪು ಗಂಟಿತ್ತು.

ದೋಣಿ ಬಡಗಿಗೆ ಗಂಟು ಕಂಡರಾಗದು. ಒಣಗಿ ಉದುರಿದರೆ ಅಲ್ಲಿಂದಲೇ ನೀರು ಒಳಗೆ. ಹಾಗಾಗಿ ಬೈರಿಗೆಯಿಂದ ಕೊರೆದು, ಆ ತೂತಿಗೆ ಬೆಣೆ ಹೊಡೆಯುತ್ತಾರೆ. ಅಪ್ಪನಂತೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಂಟು ತೆಗೆಯುತ್ತಿದ್ದ. ಒಂದು ಸೀಳಿನಲ್ಲಿ ನನಗೆ ಬಿಲ್ಲು ಮಾಡಲು ಕೂತಾಗಲೂ ಅದನ್ನೇ ಮಾಡಿದ. ಸವರಿದರೆ ಬೆಣೆ ಎಲ್ಲಿದೆಯೆಂದು ಗೊತ್ತಾಗದಷ್ಟು ನಯ. ಹೆದೆ ಕಟ್ಟಿ ಅರ್ಧ ಎಳೆಯುವಷ್ಟರಲ್ಲಿ ಬೆಣೆಯ ಜಾಗದಲ್ಲೇ ಲಟಕ್ಕೆಂದು ಮುರಿಯಿತು. "ಮರ ಸಮಾ ಇಲ್ಲ" ಎಂದು ಇನ್ನೊಂದು ಸೀಳು ತೆಗೆದ. ಅದಕ್ಕೂ ಬೆಣೆ ಹೊಡೆದ. ಅದೂ ಮುರಿಯಿತು.

"ಗಂಟು ತೆಗೀಬೇಡ ಅಪ್ಪ."

"ಬಿಟ್ರೆ ಸೋರ್ತದೆ."

"ಬಿಲ್ಲೆಂತಕ್ಕೆ ಸೋರ್ತದೆ?"

ಅಪ್ಪ ಕೈಯಲ್ಲಿದ್ದ ಬೈರಿಗೆ ಕೆಳಗಿಟ್ಟ. ಆಡಿದ ಮಾತು ಹಿಂದೆ ತೆಗೆದುಕೊಳ್ಳುವುದು ಅವನ ಜಾಯಮಾನವಲ್ಲ. "ಆತು, ನೀನೇ ಮಾಡ್ಕೊ. ಮುರಿದ್ರೆ ನನ್ನತ್ರ ಬರ್ಬೇಡ" ಎಂದು ಎದ್ದು ಹೋದ.

ಅವನ ಸಿಟ್ಟೇ ನನಗೂ ಬಂದಿದೆ. ಮುರಿದ ತುಂಡುಗಳನ್ನು ಮುಂದಿಟ್ಟುಕೊಂಡು ಕೂತೆ. ಮರದ ಎಳೆಗಳೆಲ್ಲ ಬೆಣೆಯ ಅಂಚಿಗೆ ಬಂದು ತುಂಡಾಗಿದ್ದವು. ಉಳಿದ ಸೀಳಿನಲ್ಲಿ ಮಾತ್ರ ಅವು ನೆತ್ತಿಯ ಸುಳಿಯ ಕೂದಲಿನ ಹಾಗೆ ಗಂಟನ್ನು ಬಳಸಿ, ಆಚೆ ಮತ್ತೆ ಸೇರಿಕೊಂಡಿದ್ದವು. ಎಳೆತ ತಡೆಯಬೇಕಾದದ್ದು ಆ ಎಳೆಗಳು. ಅವನ್ನೇ ಕಡಿದರೆ ಬಿಲ್ಲಿಗೆ ಉಳಿಯುವುದೇನು?

ನಾನು ಗಂಟು ಮುಟ್ಟಲಿಲ್ಲ. ಉಳಿದ ಕಡೆ ತೆಳು ಮಾಡುತ್ತ ಬಂದು, ಗಂಟಿನ ಹತ್ತಿರ ಕೀಸುಳಿ ಎತ್ತಿಬಿಡುತ್ತಿದ್ದೆ. ಅದರ ಸುತ್ತ ಒಂದಿಷ್ಟು ಮರ ಹೆಚ್ಚಿಗೇ ಬಿಟ್ಟೆ. ತುಸು ಬಗ್ಗಿಸಿ ನೋಡುವುದು, ಬಾಟಲಿಯ ಗಾಜಿನ ಚೂರಿನಿಂದ ತುಸು ಕೆರೆಯುವುದು. ಅಂಗೈಯಲ್ಲಿ ಬೊಕ್ಕೆ ಎದ್ದವು. ಅವಸರ ಮಾಡಬಾರದೆಂದು ದಿನಾ ನನಗೆ ನಾನೇ ಬೈದುಕೊಂಡೆ. ಕೊನೆಗೆ ಬಿಲ್ಲಿನ ಬೆನ್ನ ಮೇಲೆ ಒಂದು ಉಬ್ಬು ಉಳಿಯಿತು.

"ಇದೆಂತ, ಇಲಿ ನುಂಗಿದ ಹಾವಿನಂಗೆ ಅದೆ" ಎಂದು ಹೆತ್ತ ಆಯಿಯೇ ನಕ್ಕಳು. ಅಪ್ಪ ನೋಡಿಯೂ ನೋಡದವನಂತೆ ಬೀಡಿ ಹಚ್ಚಿದ.

ಆಯ್ಕೆಯ ದಿನ ಮಾತ್ರ ಕೆಲಸ ಬಿಟ್ಟು ನನ್ನ ಜೊತೆ ಕುಮಟೆಯ ಬಸ್ಸು ಹತ್ತಿದ. ಮೈದಾನದಲ್ಲಿ ಬಿಲ್ಲು ನೋಡಿ ನಕ್ಕವರಿದ್ದರು. ಮೊದಲ ಬಾಣಕ್ಕೆ ಹೆದೆಯನ್ನು ಕೆನ್ನೆಯವರೆಗೆ ಎಳೆದಾಗ ಲಟಕ್ ಎನ್ನುವ ಆ ಸದ್ದಿಗಾಗಿ ಕಿವಿ ಕಾಯುತ್ತಿತ್ತು. ಸದ್ದು ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಆಮೇಲೆ ನಾನು ಗುರಿಯನ್ನಷ್ಟೇ ನೋಡಿದೆ.

ಸಂಜೆ ಹೆಸರುಗಳನ್ನು ಓದಿದರು. ನನ್ನದು ಕೊನೆಯದು, ಆದರೆ ಇತ್ತು. ಓಡಿಹೋಗಿ ಅಪ್ಪನಿಗೆ ಹೇಳಿದೆ. ಅವನು ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಗಂಟಿನ ಸುತ್ತ ಹೆಬ್ಬೆರಳು ಆಡಿಸುತ್ತಿದ್ದ.

"ಸೋರ್ಲಿಲ್ಲ" ಎಂದ.