ಮೈದುನನ ಗೇಟ್ ವಾಲ್ವ್

ಗೇಟ್ ವಾಲ್ವ್ ಕಂಡರೆ ನನಗೆ ಆಗದು. ಮೇಲೆ ಗುಂಡನೆಯ ಚಕ್ರ, ಒಳಗೆ ಹಿತ್ತಾಳೆಯ ಒಂದು ತಟ್ಟೆ. ಚಕ್ರ ತಿರುಗಿಸಿದರೆ ತಟ್ಟೆ ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ. ಹಿಂದಕ್ಕೆ ತಿರುಗಿಸಿದರೆ ಇಳಿದು ಮುಚ್ಚುತ್ತದೆ. ಆದರೆ ತೆರೆದಿದೆಯೋ ಮುಚ್ಚಿದೆಯೋ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳರಿಗೆ ಹೇಳಿ ಮಾಡಿಸಿದ ವಸ್ತು.

ಕಡೂರಿನಲ್ಲಿ ನಮ್ಮ ಮನೆಗೂ ಪಕ್ಕದ ಮೈದುನನ ಮನೆಗೂ ಒಂದೇ ಬೋರ್‌ವೆಲ್. ಹಿತ್ತಲಲ್ಲಿ ಪೈಪು ಕವಲಾಗಿ, ಒಂದು ನಮ್ಮ ತಾರಸಿಯ ಟ್ಯಾಂಕಿಗೆ ಏರುತ್ತದೆ, ಇನ್ನೊಂದು ಅವನ ಅಂಗಳದಲ್ಲಿ ನೆಲದೊಳಗೆ ಕಟ್ಟಿದ ನೀರಿನ ಸಂಪಿಗೆ ಇಳಿಯುತ್ತದೆ. ಎರಡಕ್ಕೂ ಒಂದೊಂದು ಗೇಟ್ ವಾಲ್ವ್ ಇತ್ತು. ಬೆಳಗಿನ ಮೊದಲ ನೀರು ನಮಗೆ, ಆಗ ಅವನ ವಾಲ್ವ್ ಮುಚ್ಚಿರಬೇಕು. ಮನೆ ಪಾಲಾದಾಗ ಅಣ್ಣತಮ್ಮಂದಿರೇ ಆಡಿಕೊಂಡ ಮಾತು ಇದು.

ಲಕ್ವ ಹೊಡೆದು ನಮ್ಮ ಯಜಮಾನರು ಹಾಸಿಗೆ ಹಿಡಿದಿದ್ದಾರೆ. ಎದ್ದ ಕೂಡಲೇ ಅವರ ಮೈ ತೊಳೆಯುವುದು ನನ್ನ ಮೊದಲ ಕೆಲಸ. ರಾತ್ರಿಯೆಲ್ಲ ಒದ್ದೆಯಲ್ಲಿ ಮಲಗಿದ ಬೆನ್ನು, ತಡಮಾಡಿದರೆ ಹುಣ್ಣಾಗುತ್ತದೆ. ಹೀಗಿರುವಾಗ ಮೋಟರ್ ಓಡಿದರೂ ಟ್ಯಾಂಕಿಗೆ ನೀರು ಏರದಾಯಿತು.

"ಏನಪ್ಪಾ, ವಾಲ್ವ್ ಮುಚ್ಚಿದ್ಯಾ?"

"ಬಿಗಿಯಾಗಿ ಮುಚ್ಚಿದ್ದೀನಿ ಅತ್ತಿಗೆ. ಬೋರಲ್ಲೇ ನೀರಿಲ್ಲ. ಹಾಸ್ಟೆಲ್ ಹುಡುಗೀರ್ನ ಗಂಟೆ ಹೊಡ್ದು ಎಬ್ಬಿಸ್ತಿದ್ರಲ್ಲ, ನೀರಿಗೂ ಒಂದ್ಸಲ ಹೊಡೀರಿ, ಎದ್ರೂ ಎದ್ದೀತು."

ಒಳಗಿನಿಂದ ಅವನ ಹೆಂಡತಿ ನಕ್ಕಳು. ನಾನು ತರೀಕೆರೆಯಲ್ಲಿ ವಾರ್ಡನ್ ಆಗಿದ್ದವಳು, ಇಂಥ ನಗು ಬಹಳ ಕೇಳಿದ್ದೇನೆ. ನೇರವಾಗಿ ಹೋಗಿ ಸಂಪಿನ ಮುಚ್ಚಳ ಎತ್ತಿದೆ. ನೀರು ದಬದಬ ಬೀಳುತ್ತಿತ್ತು. ಸಂಪು ತಗ್ಗಿನಲ್ಲಿದೆ; ತಟ್ಟೆ ಒಂದು ಬೆರಳಷ್ಟು ಎದ್ದಿದ್ದರೆ ಸಾಕು, ನೀರು ತಾರಸಿ ಹತ್ತುವ ಕಷ್ಟ ಬಿಟ್ಟು ಅತ್ತ ಹರಿಯುತ್ತದೆ.

ಪ್ಲಂಬರನನ್ನು ಕರೆಸಿದೆ. ಅವನು ಬಿಚ್ಚಿದ ಮೈದುನನ ವಾಲ್ವಿನ ತಟ್ಟೆ ಅಂಚಿನಲ್ಲಿ ಸವೆದುಹೋಗಿತ್ತು. "ಪೂರ್ತಿ ತೆಗೀಬೇಕು, ಇಲ್ಲಾ ಪೂರ್ತಿ ಮುಚ್ಬೇಕು ಕಣಮ್ಮಾ. ಅರ್ಧಂಬರ್ಧ ಇಟ್ರೆ ಮರಳು ಉಜ್ಜಿ ಹಿಂಗೇ ಆಗೋದು" ಎಂದ. ಮೈದುನ ತೆಂಗಿನಮರದ ತುದಿ ನೋಡುತ್ತ ನಿಂತಿದ್ದ. ಆ ಹಳೆ ವಾಲ್ವಿನ ಜಾಗಕ್ಕೆ ಬಾಲ್ ವಾಲ್ವ್ ಹಾಕಿಸಿದೆ. ಅದರೊಳಗೆ ತೂತು ಕೊರೆದ ಗುಂಡು ಇರುತ್ತದೆ. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ನನ್ನ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ.

"ನನ್ ಪೈಪಿಗೆ ಕೈ ಹಾಕೋಕೆ ನೀವ್ಯಾರ್ರೀ?"

"ನಿನ್ನಣ್ಣನ ಹೇಲುಚ್ಚೆ ಬಳಿಯೋಳು ಕಣೋ."

ಕೆಲವು ದಿನ ತೆಪ್ಪಗಿದ್ದ. ಒಂದು ಬೆಳಗ್ಗೆ ಕಿಟಕಿಯಿಂದ ನೋಡಿದರೆ ವಾಲ್ವಿನ ಮೇಲೆ ಹಿಡಿಯೇ ಇಲ್ಲ. ತೆರೆದಿಟ್ಟು, ನಟ್ಟು ಬಿಚ್ಚಿ, ಹಿಡಿಯನ್ನು ಒಯ್ದಿದ್ದ. ನಮ್ಮ ಟ್ಯಾಂಕಿಗೆ ಹನಿ ನೀರೂ ಏರಿರಲಿಲ್ಲ.

ಒಳಗೆ ಬಂದು ಯಜಮಾನರಿಗೆ ನಡೆದದ್ದನ್ನು ಹೇಳಿ, "ಹೋಗೋಣವಾ?" ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಇದ್ದ ಬಟ್ಟೆಯಲ್ಲೇ ಗಾಲಿಕುರ್ಚಿಗೆ ಕೂರಿಸಿ, ಹಿತ್ತಲ ದಾರಿಯಲ್ಲಿ ತಳ್ಳಿಕೊಂಡು ಹೋಗಿ ಮೈದುನನ ಬಾಗಿಲಿಗೆ ನಿಲ್ಲಿಸಿದೆ. ನಮಗಿಂತ ಮೊದಲು ವಾಸನೆ ಒಳಗೆ ಹೋಯಿತು. ಅವನ ಹೆಂಡತಿ ಮೂಗಿಗೆ ಸೆರಗು ಹಿಡಿದಳು.

"ಏನತ್ತಿಗೇ ಇದು! ಅಣ್ಣನ್ನ ಒಳಗೆ ಕರ್ಕೊಂಡ್ಹೋಗಿ."

"ತೊಳಿಯೋಕೆ ನೀರಿಲ್ಲ ಕಣಪ್ಪಾ. ಅದಕ್ಕೇ ನೀರಿರೋ ಮನೆಗೆ ಬಂದ್ವಿ. ನೀನೇ ತೊಳಿ."

ಯಜಮಾನರ ಬಾಯಿ ಒಂದು ಕಡೆಗೆ ಎಳೆದಿದೆ, ಮಾತು ಸುಲಭಕ್ಕೆ ಹೊರಡದು. ಆದರೂ ಹೊರಡಿಸಿದರು.

"ಲೇ... ಮುಚ್ಚೋ."

ಮೈದುನ ಜೇಬಿನಿಂದ ಹಿಡಿ ತೆಗೆದು, ವಾಲ್ವಿನ ಮೇಲೆ ಕೂರಿಸಿ ಅಡ್ಡಕ್ಕೆ ತಿರುಗಿಸಿದ. ನಾನು ಕೈ ಚಾಚಿದೆ. ಅಣ್ಣನ ಮುಖ ನೋಡಿದ. ಮತ್ತೆ ಬಿಚ್ಚಿ ಕೊಟ್ಟ.

ಈಗ ಅದು ನಮ್ಮ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತದೆ. ದಿನಾ ಇವರ ಮೈ ಒರೆಸಿ, ಒಣಬಟ್ಟೆ ಉಡಿಸಿದ ಮೇಲೆ ನಾನೇ ಹೋಗಿ ಅವನ ವಾಲ್ವ್ ತೆರೆಯುತ್ತೇನೆ. ಅಷ್ಟರಲ್ಲಿ ಅವರ ಮನೆಯಲ್ಲಿ ಕಾಫಿಗೆ ನೀರಿಲ್ಲದಿದ್ದರೆ, ಕಾಯಲಿ.